ಸುಣ್ಣದ ಗೋಡೆಯ ಮೇಲೆ ಅರಿಶಿನದ ಬೆರಳು

ನನ್ನ ವಾರಗಿತ್ತಿ, ಅಂದರೆ ಯಜಮಾನರ ಅಣ್ಣನ ಹೆಂಡತಿ, ಎಡಗೈಯ ಎರಡು ಬೆರಳಿಗೆ ಅರಿಶಿನ ಮೆತ್ತಿಕೊಂಡು ಗೋಡೆಯ ಮೇಲೆ ಅವನ್ನು ಇರುವೆಯ ಹಾಗೆ ಹತ್ತಿಸುತ್ತಿದ್ದಳು. ಅದೂ ಆಗತಾನೇ ಸುಣ್ಣ ಬಳಿದ ಪಡಸಾಲೆಯ ಗೋಡೆ! ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಏನಕ್ಕಾ ಇದು, ಗೋಡೆ ಹಾಳು ಮಾಡ್ತೀಯಲ್ಲ?"

"ನಿನ್ನೆಗಿಂತ ಇವತ್ತು ಕೈ ಎಷ್ಟು ಮೇಲೆ ಹೋಯ್ತು ಅಂತ ಗೊತ್ತಾಗೋದು ಬ್ಯಾಡವೇನೇ?"

ಎಂಬತ್ತರ ದಶಕದ ಕೊನೆ ಅದು. ಅವಳ ಎಡ ಎದೆಯಲ್ಲಿ ಗಡ್ಡೆ ಕಾಣಿಸಿ, ಅಜ್ಜಂಪುರದಿಂದ ರೈಲು ಹತ್ತಿಸಿಕೊಂಡು ಬೆಂಗಳೂರಿಗೆ ಹೋದೆವು. ಕ್ಯಾನ್ಸರ್ ಎಂದರು. ಎದೆಯನ್ನು ಪೂರಾ ತೆಗೆಯದೆ ಗಡ್ಡೆಯನ್ನೂ ಕಂಕುಳಿನ ಗಂಟುಗಳನ್ನೂ ಮಾತ್ರ ತೆಗೆದು, ಆಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ನಾವೆಲ್ಲ ಡಾಕ್ಟರ ಕಾಲಿಗೆ ಬೀಳುವಂತಿದ್ದೆವು. ಅವರೇ ಇವಳ ಹತ್ತಿರ ಬಂದು, "ಸಮಾಧಾನ ಆಯ್ತೇನಮ್ಮ?" ಎಂದು ಕೇಳಿದರು.

"ಎದೆ ಉಳಿಸಿದ್ರಿ, ಸಂತೋಷ. ಕೈ ಯಾಕೆ ಮೇಲಕ್ಕೆ ಹೋಗಲ್ಲ? ಕೂಸಿಗೆ ನೀರು ಹಾಕೋದು ಕೈಯಲ್ಲಿ ಸ್ವಾಮಿ!"

ನಾನು ನಾಚಿಕೆಯಿಂದ ನೆಲ ನೋಡಿದೆ. ಡಾಕ್ಟರು ನಕ್ಕು, ಗೋಡೆಯ ಮೇಲೆ ಬೆರಳು ಹತ್ತಿಸುವುದನ್ನು ತೋರಿಸಿಕೊಟ್ಟರು. ನನ್ನ ಸುಣ್ಣಕ್ಕೆ ಕೇಡುಗಾಲ ಶುರುವಾಗಿದ್ದು ಹಾಗೆ.

ನಮ್ಮ ಮನೆಯ ಕೂಸುಗಳಿಗೆಲ್ಲ ನೀರು ಹಾಕಿದವಳು ಅವಳೇ. ಎಡಚಿ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಚೊಂಬು ಎತ್ತರಕ್ಕೆ ಎತ್ತಿ ಸಣ್ಣಗೆ ಸುರಿಯಬೇಕು. ಆಗ ನನ್ನ ಮಗಳು ಚೊಚ್ಚಲ ಬಸುರಿ, ಹೆರಿಗೆಗೆ ಬಂದಿದ್ದಳು. ಬೇರೆ ಯಾರನ್ನಾದರೂ ಕರೆಸುತ್ತೇನೆ ಎಂದರೆ ಇವಳು ಎರಡು ದಿನ ಮಾತು ಬಿಟ್ಟಳು. ಇಂಥವಳ ಜೊತೆ ಏಗುವುದು ಹೇಗೆ!

ಮೊಮ್ಮಗಳು ಹುಟ್ಟಿದಳು. ತರೀಕೆರೆಯಿಂದ ಬಂದ ಬೀಗಿತ್ತಿ ಬಾಯಿ ತೆಗೆದರು.

"ಗಡ್ಡೆ ಬಂದ ಮೈ. ಕೂಸನ್ನ ಮುಟ್ಟಿಸ್ಬೇಡ್ರಿ."

"ಗಡ್ಡೆ ಬೆಂಗ್ಳೂರಲ್ಲೇ ಬಿಟ್ಟು ಬಂದಿದೀನಿ ಕಣ್ರೀ. ಅನುಮಾನ ಇದ್ರೆ ಹೋಗಿ ನೋಡ್ಕಂಡ್ ಬನ್ನಿ!" ಎಂದುಬಿಟ್ಟಳು ನಮ್ಮ ಮಹಾತಾಯಿ. ಬೀಗರ ಎದುರಿಗೆ!

ಒಳಗಿಂದ ಮಗಳ ದನಿ ಬಂತು: "ದೊಡ್ಡಮ್ಮನೇ ಹಾಕ್ಲಿ. ನನಗೂ ಅವ್ರೇ ಅಲ್ವಾ ಹಾಕಿದ್ದು?"

ಬಚ್ಚಲಲ್ಲಿ ಅಕ್ಕ ಚೊಂಬು ಎತ್ತಿದಳು. ಹೆಗಲ ಮಟ್ಟಕ್ಕೆ ಬಂದು ಕೈ ನಿಂತಿತು. ತುಟಿ ಕಚ್ಚಿದಳು. ನಾನು ಕೈ ಚಾಚಿದೆ.

"ತೆಗಿಯೇ ಕೈಯ!"

ಚೊಂಬು ಮೆಲ್ಲಗೆ, ಗೋಡೆ ಹತ್ತುವ ಹಾಗೆಯೇ, ಮೇಲೇರಿತು. ನೀರು ಬಿತ್ತು. ಕೂಸು ಕಿಟಾರನೆ ಕಿರುಚಿತು. ಬೀಗಿತ್ತಿ ಒಣಬಟ್ಟೆ ಹಿಡಿದು ಮುಂದೆ ಬಂದರು.

ಆಮೇಲೂ ಅವಳು ಬಹಳ ವರ್ಷ ಬಾಳಿದಳು, ನನ್ನನ್ನು ಗೋಳು ಹೊಯ್ದುಕೊಂಡೇ ಬಾಳಿದಳು. ಹೋದದ್ದು ಮುಪ್ಪಿನಿಂದ, ಆ ಕಾಯಿಲೆಯಿಂದಲ್ಲ.

ಈಗ ಆ ಮೊಮ್ಮಗಳೇ ಬಸುರಿ. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ಆದರೆ ವಯಸ್ಸಿಗೆ ಹೆಗಲು ಹಿಡಿದುಕೊಂಡಿದೆ. ಇವತ್ತು ಬೆಳಿಗ್ಗೆಯೂ ಅರಿಶಿನದ ಡಬ್ಬಿ ತೆಗೆದುಕೊಂಡು ಗೋಡೆಯ ಹತ್ತಿರ ಹೋದೆ.

"ಅಮ್ಮಾ, ಹೊಸಾ ಪೇಂಟ್ ಕಣಮ್ಮಾ!" ಎಂದು ಮಗಳು ಕೂಗಿಕೊಂಡಳು.

ಕೂಗಲಿ. ನಿನ್ನೆಗಿಂತ ಒಂದು ಬೆರಳು ಮೇಲೆ ಹೋಗಿದೆ.