ದೊಡ್ಡದು ಮಾಡಿಸಿದ ನಕ್ಷೆ

ಆ ದಿನಗಳಲ್ಲಿ ಮನೆ ಹತ್ತಿರ ಬಂತೆಂಬುದು ನನಗೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ರಾಣೆಬೆನ್ನೂರಿನ ನಮ್ಮ ಓಣಿಯ ತುದಿಯಲ್ಲಿ ಒಂದು ನೀರಿನ ಟಾಕಿ ಇತ್ತು. ಶಾಲೆ ಬಿಟ್ಟು ಬರುವಾಗ ಆ ಟಾಕಿಯ ಮೂಲೆ ತಿರುಗಿದರೆ ಸಾಕು, ಖಾರದ ಘಾಟು ಎದುರು ಬಂದು ನಿಲ್ಲುತ್ತಿತ್ತು. ಅಲ್ಲಿಂದ ಗೆಳತಿಯರೆಲ್ಲ ಉಸಿರು ಬಿಗಿಹಿಡಿದು ನಡೆಯುತ್ತಿದ್ದೆವು. ಮೊದಲು ಸೀನಿದವಳು ಸೋತಂತೆ. ಸೋತವಳು ಮರುದಿನ ಉಳಿದವರಿಗೆ ಹುಣಸೆಹಣ್ಣಿನ ಚಿಗಳಿ ತರಬೇಕು. ಈ ಆಟವನ್ನು ನಾನು ಒಮ್ಮೆಯೂ ಗೆದ್ದವಳಲ್ಲ. ಘಾಟು ಬರುತ್ತಿದ್ದುದೇ ನಮ್ಮ ಮನೆಯಿಂದ, ಆದರೂ ಸೀನು ಮಾತ್ರ ಎಲ್ಲರಿಗಿಂತ ಮೊದಲು ನನಗೇ ಬರುತ್ತಿತ್ತು.

ಮನೆಯ ಮುಂದಿನ ಕೋಣೆಯಲ್ಲಿ ಅವ್ವನ ಖಾರದ ಗಿರಣಿ ಇತ್ತು. ಬೇಸಿಗೆ ಬಂತೆಂದರೆ ವರ್ಷದ ಖಾರ ಮಾಡಿಸಿಕೊಳ್ಳುವವರು ಬ್ಯಾಡಗಿ ಮೆಣಸಿನಕಾಯಿಯ ಚೀಲ ಹೊತ್ತು ನಮ್ಮ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಒಬ್ಬರಿಗೆ ಕೊತ್ತಂಬರಿ ಬೀಜ ಜಾಸ್ತಿ ಬೇಕು, ಇನ್ನೊಬ್ಬರಿಗೆ ಒಣಕೊಬ್ಬರಿ, ಮತ್ತೊಬ್ಬರಿಗೆ ಬರೀ ಮೆಣಸಿನಕಾಯಿ. ಯಾರ ಮನೆಯ ಖಾರ ಹೇಗೆಂದು ಅವ್ವನಿಗೆ ಬಾಯಿಪಾಠ. ತೊಟ್ಟು ಮುರಿಯುವುದು ನನ್ನ ಪಾಲಿನ ಕೆಲಸ. ಆ ಕೈ ಅಪ್ಪಿತಪ್ಪಿ ಕಣ್ಣಿಗೆ ತಾಗಿದರೆ ಮುಗಿಯಿತು ಕಥೆ. ಅಪ್ಪನ ತಾಯಿ, ನಮ್ಮ ಆಯಿ, ಗಿರಣಿ ಹಾಕುವಾಗ "ಮನಿಯಂದ್ರ ಮನಿ ಇರಬೇಕು, ಪ್ಯಾಟಿ ಆಗಬಾರದು" ಎಂದು ದೊಡ್ಡ ಜಗಳ ತೆಗೆದಿದ್ದಳಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳೇ ಬಾಗಿಲಲ್ಲಿ ಮಂಚ ಹಾಕಿಕೊಂಡು ಕುಳಿತು, ಪಾಳಿ ತಪ್ಪಿಸಿ ಒಳಗೆ ನುಗ್ಗುವವರನ್ನು ಗದರಿಸುವ ಅಧಿಕಾರಿಯಾಗಿದ್ದಳು. ಅಪ್ಪ ಕುಮಾರಪಟ್ಟಣದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದ. ಮನೆಯ ನಿಜವಾದ ಗದ್ದಲ ಅವ್ವನದು.

ಎರಡು ಸಾವಿರದ ಇಸವಿ ದಾಟಿ ಕೆಲ ವರ್ಷಗಳಾಗಿದ್ದವು. ನಾನು ಏಳನೇ ಇಯತ್ತೆ. ಸಮಾಜ ಕಲಿಸುವ ಅಕ್ಕೋರು ಒಂದು ದಿನ ಹಾವೇರಿ ಜಿಲ್ಲೆಯ ನಕ್ಷೆಯನ್ನು ಗೋಡೆಗೆ ತೂಗುಹಾಕಿ, "ಇದರಾಗ ಸ್ಕೇಲ್ ಎಲ್ಲೈತಿ ತೋರಸ್ರಿ" ಎಂದರು. ಇಡೀ ಕ್ಲಾಸು ಕಂಪಾಸು ಪೆಟ್ಟಿಗೆ ತೆರೆದು ಗೆರೆ ಹಾಕುವ ಪಟ್ಟಿಯನ್ನು ಎತ್ತಿ ಹಿಡಿಯಿತು. ನಮಗೆ ಸ್ಕೇಲ್ ಎಂದರೆ ಅದೊಂದೇ. ಗೆರೆ ಹೊಡೆಯಲಿಕ್ಕೆ ಅದು, ಏಟು ತಿನ್ನಲಿಕ್ಕೂ ಅದೇ.

"ಅದಲ್ರೋ ಯಪ್ಪಾ! ನಕ್ಷಾದ ಸ್ಕೇಲು!" ಅಕ್ಕೋರು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರು. ನಕ್ಷೆಯ ಕೆಳಗೆ ಒಂದು ಸೆಂಟಿಮೀಟರಿಗೆ ಇಷ್ಟು ಕಿಲೋಮೀಟರ್ ಎಂದು ಅಕ್ಷರದಲ್ಲಿ ಬರೆದಿತ್ತು. ಅದರ ಪಕ್ಕದಲ್ಲಿ ಸಮಸಮ ತುಂಡುಗಳಾಗಿ ಮನೆ ಮನೆ ಮಾಡಿದ ಒಂದು ಗೆರೆಯೂ ಇತ್ತು. "ಪಟ್ಟಿ ಇಲ್ಲಂದ್ರೂ ನಡೀತೈತಿ. ಹಾಳಿ ಅಂಚಿಗೆ ಗುರ್ತು ಹಾಕ್ಕೊಂಡು ಈ ಗೆರಿ ಮ್ಯಾಲೆ ಇಡ್ರಿ, ದೂರ ಎಷ್ಟಂತ ಅದ ಹೇಳತೈತಿ" ಎಂದು ಬ್ಯಾಡಗಿಯಿಂದ ಹಾವೇರಿಗೆ ಅಳೆದು ತೋರಿಸಿದರು. ಪಟ್ಟಿ ಇರುವಾಗ ಹಾಳೆಯ ಹಂಗು ಯಾಕೆಂದು ನಾನು ಆ ಮಾತನ್ನು ಅಲ್ಲೇ ಬಿಟ್ಟೆ. ಆದರೆ ಅಳೆಯುವ ಹುಚ್ಚು ಹತ್ತಿಬಿಟ್ಟಿತು. ಪುಸ್ತಕದ ನಕ್ಷೆಯ ಮೇಲೆ ಪಟ್ಟಿ ಇಟ್ಟು ಕದರಮಂಡಲಗಿ ಗುಡಿಯ ಹನುಮಪ್ಪ ನಮ್ಮಿಂದ ಎಷ್ಟು ದೂರದಲ್ಲಿದ್ದಾನೆಂದು ಆಯಿಗೆ ಹೇಳಿದೆ. "ಬಸ್ಸಿನ್ಯಾಂವ ಅದ್ಕಿಂತ ಜಾಸ್ತಿ ಸುತ್ತಸ್ತಾನ" ಎಂದಳು ಆಯಿ.

ಅದೇ ವಾರ ಪಕ್ಕದ ಮನೆಯ ಬಸಪ್ಪಕಾಕಾ ಒಂದು ದೊಡ್ಡ ಹಾಳೆಯನ್ನು ಸುರುಳಿ ಸುತ್ತಿಕೊಂಡು ಬಂದ. ನಮ್ಮ ಮನೆಯ ಮುಂದಿನ ರಸ್ತೆ ಅಗಲ ಆಗುವುದಿತ್ತು. ಅದರ ನಕ್ಷೆಯನ್ನು ನಗರಸಭೆ ಕಚೇರಿಯ ಗೋಡೆಗೆ ಅಂಟಿಸಿದ್ದರಂತೆ.

"ವೈನಿ, ಝೆರಾಕ್ಸ್ ಮಾಡಿಸಿ ತಂದೇನಿ ನೋಡ್ರಿ. ಅಲ್ಲಿದ್ದದ್ದು ಸಣ್ಣದಿತ್ತು. ಆಯಿಗೂ ಕಾಣ್ಲಿ ಅಂತ ಅಂಗಡ್ಯಾಂವಗ ಹೇಳಿ ದೊಡ್ಡದು ಮಾಡ್ಸೇನಿ" ಎಂದು ಹೆಮ್ಮೆಯಿಂದ ಹಾಳೆ ಬಿಚ್ಚಿದ. ಕಾಕಾನ ಒಳ್ಳೆಯತನದ ಬಗ್ಗೆ ಎರಡು ಮಾತಿಲ್ಲ. ಹಾಗೆ ನೋಡಿದರೆ ಆ ಒಳ್ಳೆಯತನವೇ ನಮಗೆ ಮುಳುವಾಯಿತು.

ನಕ್ಷೆಯಲ್ಲಿ ಮನೆಗಳಿರಲಿಲ್ಲ. ರಸ್ತೆಯ ನಡುವಿಗೊಂದು ಗೆರೆ, ಹೊಸ ರಸ್ತೆಯ ಅಂಚಿಗೆ ಚುಕ್ಕೆ ಚುಕ್ಕೆ ಗೆರೆ, ಟಾಕಿಗೊಂದು ದುಂಡು ಗುರುತು, ಅಷ್ಟೇ. ಕೆಳಗೆ ಒಂದು ಸೆಂಟಿಮೀಟರಿಗೆ ಐದು ಮೀಟರ್ ಎಂದು ಬರೆದಿತ್ತು, ಮೂಲೆಯಲ್ಲಿ ಅಕ್ಕೋರು ತೋರಿಸಿದಂಥ ಮನೆ ಮನೆ ಗೆರೆಯೂ ಇತ್ತು. "ನಮ್ಮ ಸವಿತಾ ಅಳೀತಾಳ, ಸಾಲ್ಯಾಗ ಕಲಿಸ್ಯಾರ" ಎಂದ ಅಪ್ಪ. ಕಟ್ಟೆಯ ಮೇಲಿದ್ದವರೆಲ್ಲ ಬಗ್ಗಿ ನೋಡುತ್ತಿರುವಾಗ ನಡುಗೆರೆಯಿಂದ ಚುಕ್ಕೆ ಗೆರೆಗೆ ಪಟ್ಟಿ ಇಟ್ಟೆ. ಸರಿಯಾಗಿ ಎರಡು ಸೆಂಟಿಮೀಟರ್. ಅಂದರೆ ಹತ್ತು ಮೀಟರ್. ಅಪ್ಪ ಮತ್ತು ಕಾಕಾ ಟೇಪು ಹಿಡಿದು ರಸ್ತೆಯ ನಡುವಿನಿಂದ ನಮ್ಮ ಗೋಡೆಗೆ ಅಳೆದರು. ಎಂಟೇ ಮೀಟರ್ ಬಂತು.

ರಸ್ತೆ ನಮ್ಮ ಗೋಡೆ ದಾಟಿ, ಒಳಗೆ ಎರಡು ಮೀಟರ್ ಬಂದು ನಿಲ್ಲುತ್ತಿತ್ತು. ಅಲ್ಲೇ ಗಿರಣಿಯ ಯಂತ್ರ ಕೂತಿತ್ತು. ಹಿಂದಕ್ಕೆ ಸರಿಸೋಣವೆಂದರೆ ಹಿಂದೆ ಅಡುಗೆಮನೆ, ಅದರ ಹಿಂದೆ ಮಲಗುವ ಒಂದೇ ಕೋಣೆ. ಕಾಕಾ ನನ್ನ ಪಟ್ಟಿ ಕಸಿದುಕೊಂಡು ತಾನೂ ಅಳೆದ. ಅಪ್ಪನೂ ಅಳೆದ. ಎರಡು ಸೆಂಟಿಮೀಟರ್ ಎರಡೇ ಸೆಂಟಿಮೀಟರಾಗಿತ್ತು.

ಅವ್ವ ಅಳಲಿಲ್ಲ. ಅವಳದು ಬೇರೆಯೇ ಜಾತಿಯ ಸಿಟ್ಟು. "ಯಾರೋ ಬಂದು ಜೆಸಿಬಿ ಹಚ್ಚಿ ಕೆಡವೂದನ್ನ ನಿಂತು ನೋಡಾಕ ನನ್ನ ಕಡಿಂದ ಆಗೂದಿಲ್ಲ. ಅದಕ್ಕಿಂತ ಮೊದಲ ನಾನ ಕಿತ್ತು ಕೊಡ್ತೇನಿ" ಎಂದಳು. ಹಾವೇರಿಯಲ್ಲಿ ಒಬ್ಬರು ಹಳೆಯ ಗಿರಣಿ ಹುಡುಕುತ್ತಿದ್ದಾರೆಂದು ಯಾರೋ ಹೇಳಿದ್ದೇ ತಡ, ಆದಿತ್ಯವಾರ ಬಂದು ನೋಡಿ ಎಂದು ಹೇಳಿಕಳಿಸಿದಳು. ಬಂದ ಚೀಲಗಳನ್ನೆಲ್ಲ ಕುಟ್ಟಿ ಮುಗಿಸಿ, ಹೊಸದನ್ನು ತೆಗೆದುಕೊಳ್ಳದೆ, ಯಂತ್ರ ಒರೆಸಿ ಎಣ್ಣೆ ಹಚ್ಚಿ ಗೋಣಿತಟ್ಟು ಹೊದಿಸಿಬಿಟ್ಟಳು. ಆಯಿ ಮಂಚದ ಮೇಲೆ ಸುಮ್ಮನೆ ಕೂರತೊಡಗಿದಳು. ಗದರಿಸಲು ಯಾರೂ ಇರಲಿಲ್ಲ.

ಮರುದಿನ ಟಾಕಿಯ ಮೂಲೆ ತಿರುಗಿದಾಗ ಎಲ್ಲರೂ ಎಂದಿನಂತೆ ಉಸಿರು ಬಿಗಿಹಿಡಿದೆವು. ಸ್ವಲ್ಪ ದೂರ ಹೋದ ಮೇಲೆ ಒಬ್ಬಳು ಉಸಿರು ಬಿಟ್ಟು, "ಇವತ್ತ ಘಾಟ ಇಲ್ಲ ಬಿಡ್ರಿ" ಎಂದಳು. ಆಟ ಅಲ್ಲಿಗೇ ನಿಂತಿತು. ನನಗೆ ಅಲ್ಲೇ ಕುಳಿತು ಅತ್ತುಬಿಡಬೇಕೆನಿಸಿತು. ಗಿರಣಿ ಹೋದರೆ ಏನೇನು ಹೋಗುತ್ತದೆಂದು ಮನೆಯಲ್ಲಿ ದೊಡ್ಡವರು ಆಡಿದ ಯಾವ ಮಾತೂ ನನಗೆ ಅಷ್ಟು ತಾಗಿರಲಿಲ್ಲ.

ಶುಕ್ರವಾರ ಸಂಜೆ ಆಯಿ ನನ್ನನ್ನು ಹತ್ತಿರ ಕರೆದಳು. "ಸವ್ವಿ, ರಸ್ತಾ ಎಲ್ಲೀತನಕ ಬರತೈತಿ, ಇನ್ನೊಮ್ಮೆ ನೋಡಿ ಹೇಳವಾ. ನನ್ನ ಮಂಚ ಹಾಕಾಕರೆ ಒಂದೀಟು ಜಾಗ ಉಳೀತೈತೇನು?"

ನಕ್ಷೆ ಹಾಸಿದೆ. ಪಟ್ಟಿ ಹುಡುಕಿದರೆ ಇಲ್ಲ.

"ಬೆನ್ನು ಕಡೀತಿತ್ತಂತ ತಗೊಂಡಿದ್ದೆ" ಎಂದಳು ಆಯಿ, ಬೇರೆ ಕಡೆ ನೋಡುತ್ತ. "ಕೈ ಜಾರಿ ಹಿಂದ ಬಿತ್ತು." ಹಿಂದೆ ಎಂದರೆ ಖಾಲಿ ಚೀಲಗಳ ರಾಶಿ. ಅದನ್ನು ಯಾರು ಸರಿಸಬೇಕು? ಆಗ ಅಕ್ಕೋರ ಹಾಳೆಯ ಅಂಚು ನೆನಪಾಯಿತು. ಕ್ಯಾಲೆಂಡರಿನ ಹಳೆಯ ತಿಂಗಳೊಂದನ್ನು ಹರಿದು, ಅದರ ಅಂಚಿಗೆ ನಡುಗೆರೆಯಿಂದ ಚುಕ್ಕೆ ಗೆರೆಯವರೆಗೆ ಗುರುತು ಹಾಕಿ, ನಕ್ಷೆಯ ಮೂಲೆಯಲ್ಲಿದ್ದ ಮನೆ ಮನೆ ಗೆರೆಯ ಮೇಲೆ ಇಟ್ಟೆ. ಆ ಗೆರೆಯ ಕೊನೆಗೆ ಹತ್ತು ಮೀಟರ್ ಎಂದಿತ್ತು. ನನ್ನ ಗುರುತು ಕೊನೆ ಮುಟ್ಟಲೇ ಇಲ್ಲ. ಏಳು ಮೀಟರಿಗಿಂತ ಈಚೆಗೇ ನಿಂತುಬಿಟ್ಟಿತು; ನಮ್ಮ ಗೋಡೆ ಇದ್ದದ್ದು ಎಂಟರಲ್ಲಿ.

ತಪ್ಪಿರಬೇಕೆಂದು ಮತ್ತೊಂದು ತಿಂಗಳು ಹರಿದೆ. ಮತ್ತೆ ಅಷ್ಟೇ ಬಂತು. ಚೀಲಗಳನ್ನೆಲ್ಲ ಎಳೆದುಹಾಕಿ ಪಟ್ಟಿ ಹುಡುಕಿ ತಂದು ಮೂಲೆಯ ಗೆರೆಯನ್ನೇ ಅಳೆದೆ. ಬರೆದ ಮಾತಿನ ಪ್ರಕಾರ ಹತ್ತು ಮೀಟರಿನ ಗೆರೆ ಎರಡು ಸೆಂಟಿಮೀಟರ್ ಇರಬೇಕು. ಅದು ಮೂರು ಇತ್ತು.

"ಅಪ್ಪಾ, ಈ ನಕ್ಷಾ ಎರಡು ಮಾತು ಆಡಾಕತ್ತೈತಿ" ಎಂದೆ.

ಅಪ್ಪ ಉಣ್ಣುತ್ತಿದ್ದವನು ರೊಟ್ಟಿ ಕೈಯಲ್ಲೇ ಹಿಡಿದು ಎದ್ದು ಬಂದ. ನಕ್ಷೆ ನೋಡಿದ, ನನ್ನ ಮುಖ ನೋಡಿದ. ಅವ್ವನಿಗೆ ಏನೂ ಹೇಳಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದ. ಆಸೆ ಹುಟ್ಟಿಸಿ ಮತ್ತೆ ಹುಸಿಯಾದರೆ ಅವಳ ಎದುರು ನಿಲ್ಲುವ ಧೈರ್ಯ ಅವನಿಗಿರಲಿಲ್ಲ.

ಶನಿವಾರ ನನ್ನ ಬೆಳಗಿನ ಶಾಲೆ ಮುಗಿದ ಮೇಲೆ ಅಪ್ಪ, ನಾನು, ಬಸಪ್ಪಕಾಕಾ ಮೂವರೂ ಕಚೇರಿಗೆ ಹೋದೆವು. ಗೋಡೆಯ ನಕ್ಷೆಯ ಪಕ್ಕದಲ್ಲಿ ನಮ್ಮದನ್ನು ಬಿಡಿಸಿ ಹಿಡಿದರೆ, ಇನ್ನು ಅಳೆಯುವುದೇ ಬೇಕಿರಲಿಲ್ಲ. ಟಾಕಿಯ ದುಂಡು ಗುರುತು ಅಲ್ಲಿ ಕಡಲೆಯಷ್ಟಿದ್ದರೆ ನಮ್ಮದರಲ್ಲಿ ಬೋರೆಹಣ್ಣಿನಷ್ಟಿತ್ತು. ರಸ್ತೆಯೂ ಹಾಗೆಯೇ ಊದಿಕೊಂಡಿತ್ತು. ಮೂಲೆಯ ಗೆರೆಯೂ ಜೊತೆಗೆ ಊದಿತ್ತು. ಕೆಳಗೆ ಬರೆದ ಅಕ್ಷರ ಮಾತ್ರ, ದೊಡ್ಡದಾಗಿದ್ದರೂ, ಹೇಳುತ್ತಿದ್ದುದು ಮೊದಲಿನ ಮಾತನ್ನೇ.

"ಅಯ್ಯ ಶಿವನ, ದೊಡ್ಡದು ಮಾಡಂದಾಂವ ನಾನ ಅಲ್ಲೇನೋ!" ಎಂದು ಕಾಕಾ ಹಣೆಗೆ ಕೈ ಹೊಡೆದುಕೊಂಡ. "ಅಕ್ಷರ ದೊಡ್ಡದಾದ್ರ ಸಾಕಾಗಿತ್ತು, ರಸ್ತಾನೂ ದೊಡ್ಡದಾಗಿ ಕುಂತೈತಲ್ಲ!"

ಒಳಗಿದ್ದ ಇಂಜಿನಿಯರು ಹೊರಗೆ ಬಂದು ಕೇಳಿ, ನಕ್ಕು, ತಮ್ಮ ಪಟ್ಟಿ ಇಟ್ಟು ನೋಡಿದರು. "ನಿಮ್ಮ ಗ್ವಾಡಿಗೆ ಏನೂ ಆಗೂದಿಲ್ರಿ. ಕಟ್ಟಿ ಕೆಳಗಿನ ಪಾವಟಿಗಿ ಒಂದು ಹೋಗಬಹುದು ನೋಡ್ರಿ" ಎಂದರು.

ಒಂದು ಮೆಟ್ಟಿಲು! ಅಪ್ಪ ದಾರಿಯಲ್ಲಿ ಬಿಸಿ ಮಿರ್ಚಿ ಕಟ್ಟಿಸಿಕೊಂಡ. ಮನೆಗೆ ಬಂದು ಹೇಳಿದಾಗ ಅವ್ವ ಮೊದಲು ನಂಬಲಿಲ್ಲ. ಎರಡನೆಯ ಸಲ ಹೇಳಿದಾಗ ಗಿರಣಿಯ ಮೇಲಿನ ಗೋಣಿತಟ್ಟು ಎಳೆದು ಎಸೆದು, ಅದಕ್ಕೇ ಆತು ನಿಂತು, ಆ ವಾರವಿಡೀ ಅಳದಿದ್ದನ್ನೆಲ್ಲ ಒಟ್ಟಿಗೆ ಅತ್ತುಬಿಟ್ಟಳು. ನಾವೆಲ್ಲ ನಗುತ್ತಿದ್ದೆವು. "ನಗ್ರಿ, ನಗ್ರಿ! ನನ್ನ ಜೀವಾ ಅರ್ಧ ಮಾಡಿ ನಗ್ರಿ!" ಎಂದು ಬೈದು ತಾನೂ ನಕ್ಕಳು. ಆಯಿ, "ನಾ ಪಟ್ಟಿ ಕಳೀಲಿಲ್ಲಂದ್ರ ಗಿರಣಿ ಹೋಗಿತ್ತು" ಎಂದು ಓಣಿಯಲ್ಲಿ ಸಿಕ್ಕಸಿಕ್ಕವರಿಗೆ ಹೇಳುತ್ತ ಬಂದಳು. ಸುಳ್ಳೆನ್ನುವ ಹಾಗೂ ಇರಲಿಲ್ಲ.

ಈ ಗಡಿಬಿಡಿಯಲ್ಲಿ ಹಾವೇರಿಯವರಿಗೆ ಬರಬೇಡಿ ಎಂದು ಹೇಳುವುದು ಎಲ್ಲರಿಗೂ ಮರೆತೇಹೋಗಿತ್ತು. ಆದಿತ್ಯವಾರ ಅವರು ಒಂದು ಟಂಟಂ ಗಾಡಿ ಸಮೇತ ಬಂದಿಳಿದಾಗ ಗಿರಣಿ ಗಡಗಡ ಓಡುತ್ತಿತ್ತು. ಅವ್ವ ನಾಚಿಕೊಂಡು ಅವರನ್ನು ಕೂರಿಸಿ, ರೊಟ್ಟಿ, ಎಣ್ಣೆಗಾಯಿ, ಮೇಲೆ ಶೇಂಗಾ ಹಿಂಡಿ ಬಡಿಸಿದಳು. "ಗಿರಣಿ ಒಯ್ಯಾಕ ಬಂದಾಂವ ಉಂಡು ಹೊಂಟೇನಿ ನೋಡ್ರಿ" ಎಂದು ಅವರು ಸೀನುತ್ತಲೇ ನಕ್ಕು, ಅವ್ವ ಕೊಟ್ಟ ಖಾರದ ಡಬ್ಬಿ ಹಿಡಿದುಕೊಂಡು ಖಾಲಿ ಗಾಡಿಯಲ್ಲಿ ಹೋದರು. ಸೋಮವಾರ ಟಾಕಿಯ ಮೂಲೆಯಲ್ಲಿ ನಾನು ಎಷ್ಟು ಜೋರಾಗಿ ಸೀನಿದೆನೆಂದರೆ ಗೆಳತಿಯರು ಬೆಚ್ಚಿಬಿದ್ದರು. ಚಿಗಳಿ ಸೋತದ್ದಕ್ಕೆ ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಲಿಲ್ಲ.

ಆ ದೊಡ್ಡ ನಕ್ಷೆಯನ್ನು ಅವ್ವ ಬಿಸಿ ಖಾರ ಆರಲು ಹಾಸುತ್ತಿದ್ದಳು. ಬರಬರುತ್ತ ಅದರ ಗೆರೆಗಳೆಲ್ಲ ಕೆಂಪಿನಲ್ಲಿ ಮುಚ್ಚಿಹೋದವು. ರಸ್ತೆ ಅಗಲವಾಯಿತು, ಮೆಟ್ಟಿಲೊಂದು ಹೋಯಿತು, ಗಿರಣಿ ಬಹಳ ವರ್ಷ ಓಡಿತು. ಕೊನೆಗೊಂದು ದಿನ, ಯಾವ ಹೆದರಿಕೆಯೂ ಇಲ್ಲದೆ, "ಸಾಕಾತು, ಇನ್ನ ಮಂದಿ ಪಾಕೀಟು ತರ್ತಾರ" ಎಂದು ಅವ್ವನೇ ಅದನ್ನು ನಿಲ್ಲಿಸಿದಳು. ಆ ಕೋಣೆಯಲ್ಲಿ ಈಗ ಅವಳೂ ಅಪ್ಪನೂ ಕುಳಿತು ಟಿವಿ ನೋಡುತ್ತಾರೆ. ಆಯಿಯ ಮಂಚ ಇದೆ, ಆಯಿ ಇಲ್ಲ.

ಹೋದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ತವರಿಗೆ ಹೊರಟಿದ್ದೆ. ಟಾಕಿಯ ಹತ್ತಿರ ಆಟೋ ಇಳಿದು ನಡೆಯುವಾಗ ಅವಳು ಫೋನಿನಲ್ಲಿ ನಕ್ಷೆ ತೆರೆದು ಎರಡು ಬೆರಳಿನಿಂದ ಹಿಗ್ಗಿಸಿದಳು. ಓಣಿ ದೊಡ್ಡದಾಯಿತು. ಮೂಲೆಯಲ್ಲಿ ಮೀಟರಿನ ಲೆಕ್ಕವೂ ತಾನಾಗಿಯೇ ಬದಲಾಯಿತು. ನಮ್ಮ ಕಾಕಾನ ಕೈಯಲ್ಲಿ ಇದೊಂದು ಇದ್ದಿದ್ದರೆ ಎಂದು ನಗು ಬಂತು.

"ಇನ್ನ ಒಂಚೂರ ಐತಿ ಅಷ್ಟ, ನಡಿಯವಾ" ಎಂದಳು ಮಗಳು, ಫೋನು ನೋಡುತ್ತಲೇ.

ಮೂಲೆ ತಿರುಗಿದ್ದೇ ನನಗೆ ಗೊತ್ತಿಲ್ಲದೆ ಉಸಿರು ಬಿಗಿಹಿಡಿದಿದ್ದೆ. ಬಸಪ್ಪಕಾಕಾನ ಮನೆ ದಾಟಿತು, ನಮ್ಮ ಕಟ್ಟೆ ಬಂತು, ಬಾಗಿಲಲ್ಲಿ ಅವ್ವ ಕಾಣಿಸಿದಳು. ಸೀನು ಬರಲಿಲ್ಲ. ಉಸಿರು ಬಿಟ್ಟೆ. ಆ ಆಟವನ್ನು ನಾನು ಗೆದ್ದದ್ದು ಅದೇ ಮೊದಲು. ಚಿಗಳಿ ಯಾರನ್ನು ಕೇಳಬೇಕೋ ತಿಳಿಯಲಿಲ್ಲ.