ರೌಫ್ ಹೇಳಿದ ಸ್ಪೀಡು

ಹರಿಹರದ ರೌಫ್ ಮನೆಮನೆಗೆ ಇಂಟರ್ನೆಟ್ ಹಾಕಿಕೊಡುವವನು. ಅವನು ಹೇಳುವ ಸ್ಪೀಡಿಗೆ, ಗಿರಾಕಿ ಸಿನಿಮಾ ನೋಡೋಣವೆಂದು ಮನಸ್ಸು ಮಾಡುವಷ್ಟರಲ್ಲಿ ಅದು ಮುಗಿದೇ ಹೋಗಿರಬೇಕು. ದಾವಣಗೆರೆಯ ಆನೆಕೊಂಡದ ನಿರ್ಮಲಮ್ಮನವರಿಗೂ ಹಾಗೇ ಹೇಳಿ, ಬೀದಿಯೆಲ್ಲ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಳೆದು ತೋರಿಸಿದ್ದ. ಸಂಜೆ ಅಷ್ಟೂ ಮನೆಗಳು ಅದೇ ಒಂದು ತಂತಿಯನ್ನು ಹಂಚಿಕೊಳ್ಳುತ್ತವೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ನಿರ್ಮಲಮ್ಮ ಫೋನಿನ ವಿಡಿಯೋದಲ್ಲಿ ವಚನಗಾಯನ ಕಲಿಸುವುದು ಸಂಜೆಯೇ. ರಾಗ ಅರ್ಧಕ್ಕೇ ನಿಂತು ಶಿಷ್ಯೆಯರು ಒಬ್ಬೊಬ್ಬರೇ ಬಿಡತೊಡಗಿದರು. ಕೇಳಿದ್ದಕ್ಕೆ ರೌಫ್, "ನಿಮ್ಮ ಮಣ್ಣಿನ ಗೋಡೆ ಬಾಳ ದಪ್ಪ ಐತ್ರಿ ಅಮ್ಮಾರೆ, ಸಿಗ್ನಲ್ ದಾಟಲ್ಲ" ಎಂದು ಜಾರಿಕೊಂಡ. ಆ ಸುಳ್ಳು ಹರಿಹರದವರೆಗೂ ಅವನ ಬೈಕಿನ ಹಿಂದೆ ಕೂತೇ ಬಂತು.

ಮುಂದಿನ ವಾರ ಹೋದರೆ, ಗೋಡೆಯಲ್ಲಿ ಆನೆ ನುಗ್ಗುವಷ್ಟು ಕಿಂಡಿ.

"ಒಡೆಸಿಬಿಟ್ಟೆ ಕಣಪ್ಪ. ಆದ್ರೂ ಸಂಜಿಗೆ ಹಂಗೇ ನಿಲ್ತೈತೆ. ಇನ್ನೊಂದು ಗೋಡೆನೂ ಒಡೆಸ್ಲೇನು?"

ರೌಫ್ ಇನ್ನೊಂದು ಗೋಡೆಗೆ ಅಡ್ಡ ನಿಂತ. "ಬ್ಯಾಡ್ರಿ ಅಮ್ಮಾರೆ. ತಪ್ಪು ಗೋಡೇದಲ್ಲ, ನಂದು" ಎಂದು ಎಲ್ಲವನ್ನೂ ಹೇಳಿದ.

"ಮೊದ್ಲೇ ಹೇಳಿದ್ರೆ ಪಾಠಾನ ಬೆಳಿಗ್ಗೆ ಇಟ್ಕಂತಿದ್ನಲ್ಲೋ" ಎಂದರು ನಿರ್ಮಲಮ್ಮ.

ಅಷ್ಟರಲ್ಲಿ ಅವರ ಗಂಡ ಮುರುಗೇಶಪ್ಪ ಅಡುಗೆಮನೆಯಿಂದ ಆ ಕಿಂಡಿಯಲ್ಲೇ ಚಹಾ ಚಾಚಿದರು. "ಕುಡಿಯಪ್ಪ. ನೀನು ಗೋಡೆ ಒಡೆಸಿದ ಮ್ಯಾಲೆ ಈ ಮನ್ಯಾಗೆ ಜಲ್ದಿ ಬರೋದು ಚಾ ಒಂದೇ."

ರೌಫ್ ಲೋಟ ಕೆಳಗಿಟ್ಟು, ಕಿಂಡಿಗೆ ಮಣ್ಣು ಕಲಸಲು ತೋಳೇರಿಸಿದ.