ತಪಾಸಣೆಗೆ ಹೋಗಿ ಪಾಠ ಮಾಡಿದ್ದು

ಆಗ ನಾನು ಹೈಸ್ಕೂಲುಗಳ ತಪಾಸಣೆಗೆ ಓಡಾಡುತ್ತಿದ್ದೆ. ಒಮ್ಮೆ ಮುಳಬಾಗಿಲಿನ ಕಡೆಯ ಒಂದು ಶಾಲೆಗೆ ಮುಂಚಿತವಾಗಿ ತಿಳಿಸದೆ ಹೋದೆ. ನಾನು ಬಾಯಿ ಬಿಡುವ ಮೊದಲೇ ಹೆಡ್‌ಮಿಸ್, "ಅಂತೂ ಬಂದ್ರಲ್ಲ ಸಾರ್, ವರ್ಷದಿಂದ ಗಣಿತಕ್ಕೆ ಮೇಷ್ಟ್ರೇ ಇಲ್ಲ" ಎಂದು ಸೀಮೆಸುಣ್ಣ ಕೈಗಿಟ್ಟು ಹತ್ತನೇ ತರಗತಿಯೊಳಗೆ ಕಳಿಸಿಬಿಟ್ಟರು.

ನಾನೂ ಮೊದಲು ಗಣಿತದ ಮೇಷ್ಟ್ರೇ ಆಗಿದ್ದವನು. ಬೋರ್ಡಿನ ಮುಂದೆ ನಿಂತೊಡನೆ ಬಂದ ಕೆಲಸವೇ ಮರೆತುಹೋಯಿತು. ಹಿಂದಿನ ಬೆಂಚಿನವನೊಬ್ಬ ಪಕ್ಕದವನಿಗೆ "ಈ ಸಾರ್ ಬಾಗ ಚೆಪ್ತಾರ್ರಾ" ಎಂದು ನನ್ನ ಪಾಠವನ್ನು ತೆಲುಗಿನಲ್ಲಿ ಮೆಚ್ಚಿಕೊಂಡದ್ದು ಕೇಳಿ, ಉಬ್ಬಿಹೋಗಿ ಇನ್ನೊಂದು ಪ್ರಮೇಯವನ್ನೂ ಸಾಧಿಸಿ ತೋರಿಸಿದೆ.

ಗಂಟೆ ಹೊಡೆದ ಮೇಲೆ, "ಮೇಡಂ, ನಾನು ತಪಾಸಣೆಗೆ ಬಂದವನು" ಎಂದೆ. ಅವರು ಬೆವರೊರೆಸಿಕೊಂಡರು. ಆಮೇಲೆ ಮೆಲ್ಲಗೆ, "ಆದ್ರೂ ಸಾರ್, ನಾಳೆನೂ ಬರ್ತೀರಾ?" ಎಂದರು.

ಗಣಿತದ ಮೇಷ್ಟ್ರು ತುರ್ತಾಗಿ ಬೇಕೆಂದು ವರದಿ ಬರೆದೆ. ಆ ದಿನದ ಪಾಠ ಮಾತ್ರ ಬಹಳ ಚೆನ್ನಾಗಿತ್ತು ಎಂದು ಸೇರಿಸುವಾಗ ನನಗೇನೂ ಸಂಕೋಚವಾಗಲಿಲ್ಲ.